ಸುಲಭದ ಸಬ್ಜೆಕ್ಟಿನಲ್ಲಿ ಅಮ್ಮನ ದನಿ

ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ, ಮಟಮಟ ಮಧ್ಯಾಹ್ನದ ಹೊತ್ತಿನಲ್ಲಿ, ತೀರಿಕೊಂಡು ನಾಲ್ಕು ವರ್ಷವಾದ ನಮ್ಮಮ್ಮ ಹಾಡುವುದು ನನಗೆ ಕೇಳಿಸಿತು.

ಕಿವಿಯನ್ನು ನಂಬಿ ಬದುಕಿದವನು ನಾನು. ಮೋಟಾರ್ ವೈಂಡಿಂಗ್ ನನ್ನ ಕೆಲಸ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳಬಲ್ಲೆ. ಹಾಗಾಗಿ ಭ್ರಮೆ ಎಂದುಕೊಳ್ಳಲಿಲ್ಲ. ದನಿ ಬಂದದ್ದು ನನ್ನ ಹಿಂದಿನ ಮೂರನೇ ಸೀಟಿನಿಂದ. ಹಾಡಿನ ಜೊತೆಗೆ ಹುಣಸೆಹಣ್ಣು ಕುಟ್ಟುವ ಕೊಡತಿಯ ಸದ್ದು, ಟಪ್, ಟಪ್. ಪ್ರತಿ ಎರಡನೇ ಪೆಟ್ಟಿಗೆ ಅಮ್ಮ ಉಸಿರು ಎಳೆದುಕೊಳ್ಳುತ್ತಿದ್ದಳು. ಕೊನೆಗಾಲದಲ್ಲಿ ಅವಳಿಗೆ ಉಬ್ಬಸವಿತ್ತು. ಆ ಉಸಿರಿನೊಳಗಿನ ಸಣ್ಣ ಸಿಳ್ಳೂ ಹಾಗೆಯೇ ಇತ್ತು.

ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಅವಳು ಅಲ್ಲಿ ಕೂತಿರಬಹುದು ಎಂದು ಹೆದರಿದೆ.

ಆ ಹಾಡು ನನಗೆ ಗೊತ್ತು. ಹುಣಸೆ ಕುಟ್ಟುವ ಕೂಲಿಗೆ ಹೋದಾಗ ನಮ್ಮ ಕಡೆ ಹೆಂಗಸರು ಹೇಳುತ್ತಿದ್ದದ್ದು, ಅರ್ಧ ತೆಲುಗು, ಅರ್ಧ ಕನ್ನಡ. ನೀರಿಗೆ ಹೋದ ಸೊಸೆ ಹಿಂದಿರುಗಲಿಲ್ಲ. ಅತ್ತೆ ಬಾವಿಯ ಕಟ್ಟೆಯ ಮೇಲೆ ನಿಂತು, ಕೊಡ ತುಂಬಿತೇನೇ ಎಂದು ಕೇಳುತ್ತಾಳೆ. ತುಂಬುತ್ತಾ ಇದೆ, ಬರ್ತೀನಿ ಎಂದು ಒಳಗಿನಿಂದ ಉತ್ತರ ಬರುತ್ತದೆ. ಆಮೇಲೆ ಗಂಡ ಬಂದು ಕೇಳುತ್ತಾನೆ. ಅದೇ ಉತ್ತರ. ಮೂರನೆಯದಾಗಿ ಅವಳ ಮಗು ಬರುತ್ತದೆ. ಮಗುವಿಗೆ ಅವಳು ಏನು ಹೇಳುತ್ತಾಳೆ ಎಂಬುದು ನನಗೆ ಮರೆತಿತ್ತು. ಬಸ್ಸಿನಲ್ಲಿ ಕಾದೆ. ಗಂಡನ ನುಡಿ ಮುಗಿಯಿತು, ಹಾಡು ಕತ್ತರಿಸಿದಂತೆ ನಿಂತಿತು.

ಮರುಗಳಿಗೆ ನನ್ನ ಮುಂದಿನ ಸೀಟಿನಿಂದ ಶುರುವಾಯಿತು. ಅದೇ ಹಾಡು, ಅದೇ ಉಸಿರು. ಅದು ಮುಗಿಯುವ ಮೊದಲೇ ಹಿಂದಿನದು ಮತ್ತೆ ಮೊದಲಿನಿಂದ ಬಂತು. ಹಿಂದೆ ಒಬ್ಬ ಅಮ್ಮ, ಮುಂದೆ ಒಬ್ಬ ಅಮ್ಮ. ಒಬ್ಬಳು ಕೇಳುತ್ತಿದ್ದ ಹೊತ್ತಿಗೆ ಇನ್ನೊಬ್ಬಳು ಬಾವಿಯೊಳಗಿನಿಂದ ಉತ್ತರ ಕೊಡುತ್ತಿದ್ದಳು.

ಆಗ ಕಣ್ಣು ಬಿಟ್ಟು ನೋಡಿದೆ. ಮುಂದಿನ ಸೀಟಿನಲ್ಲಿ ಒಬ್ಬ ಕಾಲೇಜು ಹುಡುಗಿ, ತೊಡೆಯ ಮೇಲೆ ಫೈಲು, ಕೈಯಲ್ಲಿ ಫೋನು. ಹಿಂದೆ ಅವಳ ಗೆಳತಿ.

"ಏನಮ್ಮಾ ಅದು, ಹಾಡು?"

"ಎಲೆಕ್ಟಿವ್ ಅಂಕಲ್. ಜಾನಪದ. ಹಾಡು ಕೇಳಿ ಬರ್ಕೊಬೇಕು, ಪ್ರಾಜೆಕ್ಟು."

"ಹಾಡಿರೋದು ಯಾರು?"

"ಯಾರೋ ಅಜ್ಜಿ. ಸೀನಿಯರ್ಸ್ ಕೊಟ್ಟಿದ್ದು."

ಹಿಂದಿನವಳು ನಕ್ಕಳು. "ಲೇ, ಹಂಗೆಲ್ಲಾ ಹೇಳ್ಬಾರ್ದು ಕಣೇ. ನಾವೇ ಹೋಗಿ ರೆಕಾರ್ಡ್ ಮಾಡಿದ್ದು ಅಂಕಲ್, ಬಿಸಿಲಲ್ಲಿ ನಡ್ಕೊಂಡು."

"ಅಜ್ಜಿ ಇದಾರಾ?" ಎಂದೆ. ಯಾಕೆ ಕೇಳಿದೆನೋ.

"ಇದಾರೆ, ಇದಾರೆ. ಎಪ್ಪತ್ತೆರಡು ವರ್ಷ. ಫಾರಂನಲ್ಲೇ ಇದೆಯಲ್ಲ. ಕಾಲೇಜ್ ಪಕ್ಕದ ಜೆರಾಕ್ಸ್ ಅಂಗಡೀಲಿ ಕೇಳಿ, ಅಜ್ಜಿ ಸೆಟ್ ಅಂದ್ರೆ ಕೊಡ್ತಾರೆ."

ಅಂದು ನಾನು ತಾಮ್ರದ ತಂತಿ ತರಲು ಹೊರಟವನು. ತಂತಿ ಬಿಟ್ಟು ಮೊದಲು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಅಜ್ಜಿ ಸೆಟ್ಟಾ ಭಾಯ್? ಎಷ್ಟು? ಹಾಡು ಫೋನ್‌ಗೆ ಹಾಕ್ಲಾ?" ಒಂದೇ ಸಾಕು ಎಂದೆ. ಇನ್ನೂ ಬಿಸಿಯಾಗಿದ್ದ ಐದಾರು ಹಾಳೆ ಕೈಗೆ ಬಂದವು. ಹಾಡು ಹೇಳಿದವರನ್ನು ಅವರ ಭಾಷೆಯಲ್ಲಿ ವಕ್ತೃ ಅನ್ನುತ್ತಾರಂತೆ. ಮೊದಲ ಹಾಳೆಯ ಮೇಲೆ 'ವಕ್ತೃ ಪರಿಚಯ' ಎಂದು ಬರೆದಿತ್ತು. ವಯಸ್ಸು ಎಪ್ಪತ್ತೆರಡು. ಕಸುಬು ಕೂಲಿ. ಅದರ ಕೆಳಗೆ ಒಂದು ಫೋನ್ ನಂಬರು. ಅದು ನನ್ನ ಅಂಗಡಿಯ ನಂಬರು.

ಎಲ್ಲಕ್ಕಿಂತ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡಿ ಗೆರೆಗಳು ಅಳಿಸಿ ಹೋಗಿದ್ದವು. ಅಡ್ಡಲಾಗಿ ಒಂದು ಬಿಳಿ ಗೀರು ಮಾತ್ರ ಹಾಗೇ ಉಳಿದಿತ್ತು. ನಾನು ಚಿಕ್ಕವನಾಗಿದ್ದಾಗ ಹುಲ್ಲು ಕೊಯ್ಯುತ್ತಾ ಕುಡುಗೋಲು ತಗುಲಿ ಆದ ಗಾಯ ಅದು. ರಕ್ತಕ್ಕೆ ಸುಣ್ಣ ಮೆತ್ತಿದವನು ನಾನೇ.

ಈಗ ನನ್ನ ಮಗಳ ವಿಷಯ ಹೇಳಬೇಕು. ಇದರಲ್ಲಿ ಕಳೆದುಕೊಂಡವಳು ಅವಳೇ.

ನಾನು ಏಳನೇ ತರಗತಿಗೆ ಸ್ಕೂಲು ಬಿಟ್ಟವನು. ಅದಕ್ಕೆ ನನಗೆ ನಾಚಿಕೆ ಇಲ್ಲ. ರಾಯಲ್ಪಾಡಿನಿಂದ ಮುಳಬಾಗಿಲಿನವರೆಗೆ ಎಷ್ಟೋ ತೋಟಗಳಲ್ಲಿ ನಾನು ಸುತ್ತಿದ ಮೋಟಾರುಗಳು ಸಾವಿರ ಅಡಿ ಕೆಳಗೆ ಓಡುತ್ತಿವೆ. ಒಂದು ಸ್ಲಾಟಿಗೆ ತಂತಿ ಎಷ್ಟು ಸುತ್ತು ಬೇಕೋ ಅಷ್ಟು ಹಾಕುತ್ತೇನೆ, ಒಂದು ಕಡಿಮೆ ಹಾಕಿದವನಲ್ಲ. ಒಂದು ಸುಳ್ಳು ಹೇಳಿ ಮೋಟಾರು ಕಳಿಸಿದವನೂ ಅಲ್ಲ. ಇದನ್ನು ಮನೆಯಲ್ಲಿ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದೆ. ನಮ್ಮಪ್ಪ ಸುಳ್ಳು ಹೇಳಲ್ಲ ಎಂಬುದು ನನ್ನ ಮಗಳು ಮಾತು ಕಲಿತಾಗಲೇ ಕಲಿತ ಮಾತು.

ಅವಳು ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ಕೊನೆಯ ವರ್ಷ. ಕೆಮಿಸ್ಟ್ರಿ ಎಂದರೆ ಪ್ರಾಣ. ಎಂ.ಎಸ್ಸಿ. ಮಾಡಬೇಕು ಎಂಬುದೊಂದೇ ಆಸೆ. ಆದರೆ ಒಂದು ಸೆಮಿಸ್ಟರಿನಲ್ಲಿ ಕಾಮಾಲೆ ಬಂದು ತಿಂಗಳುಗಟ್ಟಲೆ ಮಲಗಿ, ಅಂಕ ಬಿದ್ದು ಹೋಗಿ, ಸರಾಸರಿ ಕೆಳಗಿಳಿದಿತ್ತು. ಎಂ.ಎಸ್ಸಿ. ಸೀಟು ಕೊಡುವುದು ಸರಾಸರಿ ನೋಡಿ. ಆ ಗುಂಡಿ ಮುಚ್ಚುವುದಕ್ಕೆ ಅವಳಿಗೆ ಉಳಿದಿದ್ದದ್ದು ಎಲೆಕ್ಟಿವ್ ಒಂದೇ. ಅವರಿಗೆ ತಮ್ಮ ಓದಿನ ಹೊರಗಿನ ಒಂದು ಸಬ್ಜೆಕ್ಟನ್ನು ತಾವೇ ಆರಿಸಿಕೊಳ್ಳುವುದಕ್ಕೆ ಬಿಡುತ್ತಾರೆ.

"ಕಂಪ್ಯೂಟರ್ ತಗೋ" ಎಂದಿದ್ದೆ.

"ಅದ್ರಲ್ಲಿ ಕಷ್ಟಪಟ್ರೂ ಆರು ಏಳು ಬರುತ್ತಪ್ಪಾ. ಜಾನಪದದಲ್ಲಿ ಎಲ್ರಿಗೂ ಹತ್ತಕ್ಕೆ ಹತ್ತು. ಒಂದು ಹಾಡು ಬರ್ಕೊಂಡು ಹೋಗಿ ವೈವಾದಲ್ಲಿ ನಿಂತ್ರೆ ಆಯ್ತು."

"ಓದ್ದೇನೆ ಹತ್ತಾ?"

"ಇಡೀ ಕಾಲೇಜೇ ಹಂಗೆ ಮಾಡೋದು ಕಣಪ್ಪಾ. ಸುಲಭದ್ದು ಯಾವುದು ಅಂತ ಸೀನಿಯರ್ಸ್ ಪಟ್ಟಿನೇ ಇಟ್ಕೊಂಡಿರ್ತಾರೆ."

"ಸುತ್ತು ಕಡಿಮೆ ಹಾಕಿ ಪೇಂಟ್ ಹೊಡೆದ ಮೋಟಾರು."

"ನಿನ್ನ ಮೋಟಾರು ಎತ್ಕೊಂಡು ಹೋಗಿ ಬಾವೀಲಿ ಹಾಕು" ಎಂದು ಅವಳು ನಗುತ್ತಾ ಎದ್ದು ಹೋಗಿದ್ದಳು. ನನ್ನ ಹೆಂಡತಿಯೂ ನಕ್ಕಿದ್ದಳು. ಮಾತು ಅಲ್ಲಿಗೇ ಮುಗಿದಿತ್ತು.

ಕೋಲಾರದಿಂದ ಬಂದ ಆ ಸಂಜೆ ಜೆರಾಕ್ಸ್ ಹಾಳೆಗಳನ್ನು ಮಗಳ ಮುಂದೆ ಇಟ್ಟೆ. ಅವಳು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ನಿಂಗೆ ಗೊತ್ತಿತ್ತಾ ಪಾಪಾ?" ಎಂದೆ.

"ಮೊದಲ್ನೇ ದಿನಾನೇ ಗೊತ್ತಾಯ್ತು. ಅಜ್ಜಿ ದನಿ ಮರೀತೀನಾ? ಕ್ಲಾಸಲ್ಲಿ ಎಲ್ರೂ ಒಂದೇ ಸಲ ಹಾಕಿದ್ರಪ್ಪಾ, ಮೂವತ್ತು ಫೋನು. ನಾನು ಎದ್ದು ಹೊರಗೆ ಹೋಗ್ಬಿಟ್ಟೆ."

"ಮನೇಲಿ ಯಾಕೆ ಹೇಳ್ಲಿಲ್ಲ?"

ಅವಳು ಎದ್ದು ಹೋಗಿ ತನ್ನ ಫೋನು ತಂದಳು. "ಇವ್ರೆಲ್ಲಾ ಹಂಚ್ಕೊಂಡಿರೋದು ಕಟ್ ಮಾಡಿದ್ದು. ಪೂರ್ತಿ ಇರೋದು ಒಬ್ಬ ಸೀನಿಯರ್ ಹತ್ರ ಸಿಕ್ತು. ಕೇಳ್ತೀಯಾ? ಬೇಡ ಅನ್ಸಿದ್ರೆ ಬೇಡ."

ಕೇಳಿದೆ. ಮೊದಲು ಅಮ್ಮನ ಮಾತು, "ತಿನು ತಲ್ಲೀ." ಅಂದರೆ ತಿನ್ನಮ್ಮಾ ಎಂದು. ಬಂದ ಹುಡುಗಿಗೆ ಹುರಿದ ಹುಣಸೆಬೀಜ ಕೊಡುತ್ತಿದ್ದಾಳೆ. ಆಮೇಲೆ ಕೊಡತಿ, ಹಾಡು, ಅತ್ತೆ, ಗಂಡ. ಗಂಡನ ನುಡಿ ಮುಗಿದ ತಕ್ಷಣ ಬಾಗಿಲು ದಡಾರನೆ ತೆರೆದ ಸದ್ದು. ಆಮೇಲೆ ಒಬ್ಬ ಗಂಡಸು.

"ಸಾಕು ನಿಲ್ಸಮ್ಮಾ! ಕಾಲೇಜ್ ಹುಡುಗಿ ಮುಂದೆ ಕೂಲಿ ಹಾಡು ಹಾಡ್ತಾ ಕೂತಿದೀಯಲ್ಲಾ, ಮಾನ ಬೇಡ್ವಾ? ನಾನು ಇಷ್ಟು ದುಡಿದು ಮನೆ ಕಟ್ಟಿದ್ದು ಇದಕ್ಕಾ? ನಿಲ್ಸು ಅಂದೆ!"

ಆ ಗಂಡಸು ಯಾರು ಎಂದು ತಿಳಿಯುವುದಕ್ಕೆ ನನಗೆ ಒಂದು ಗಳಿಗೆ ಬೇಕಾಯಿತು. ಅಷ್ಟರೊಳಗೆ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು.

ಆ ದಿನ ನೆನಪಾಯಿತು. ಆರು ವರ್ಷದ ಹಿಂದಿನ ಮಾತು. ಅಂಗಡಿಯಲ್ಲಿ ಮೂರು ಮೋಟಾರು ಸುಟ್ಟು ಬಿದ್ದಿದ್ದವು, ತೋಟದವರು ಬಾಗಿಲಲ್ಲೇ ನಿಂತಿದ್ದರು. ಊಟಕ್ಕೆಂದು ಬಂದರೆ ಹೊಸ ಮನೆಯ ಟೈಲ್ಸ್ ಮೇಲೆ ಗೋಣಿ ಹಾಸಿಕೊಂಡು ಅಮ್ಮ ಹುಣಸೆ ಕುಟ್ಟುತ್ತಿದ್ದಳು, ಎದುರಿಗೆ ಯಾರೋ ಹುಡುಗಿ ಫೋನು ಹಿಡಿದಿದ್ದಳು. ಆ ಹುಡುಗಿ ಹೆದರಿ ಹೊರಡುವಾಗ, ಫಾರಂಗೆ ಒಂದು ನಂಬರ್ ಬೇಕು ಅಂಕಲ್ ಎಂದಳು. ಅವಳು ತೊಲಗಿದರೆ ಸಾಕೆಂದು ಅಂಗಡಿಯ ನಂಬರು ಹೇಳಿದೆ. ಅಮ್ಮ ಹೆಬ್ಬೆಟ್ಟು ಒತ್ತಿದಳು. ಅದಾಗಿ ಎರಡು ವರ್ಷ ಬದುಕಿದ್ದಳು. ಆ ಎರಡು ವರ್ಷದಲ್ಲಿ ಅವಳು ಹಾಡಿದ್ದು ನಾನು ಕೇಳಲಿಲ್ಲ.

ಇನ್ನೊಂದು ವಿಷಯವೂ ಆಗ ಅರ್ಥವಾಯಿತು. ಪ್ರತಿವರ್ಷ ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ ಅಂಗಡಿಗೆ ಒಂದು ಫೋನು ಬರುತ್ತಿತ್ತು. "ಅಜ್ಜಿ ಚೆನ್ನಾಗಿದಾರಾ?" ಎಂದು ಕೇಳುತ್ತಿದ್ದರು. ಒಂದು ವರ್ಷ ಗಂಡಸು, ಒಂದು ವರ್ಷ ಹೆಂಗಸು, ಫಾರಂನ ನಂಬರು ನೋಡಿ ಮಾಡುತ್ತಿದ್ದ ಕಾಲೇಜಿನವರು. ಯಾರದೋ ಮನೆಯ ಅಜ್ಜಿ ಎಂದುಕೊಂಡು, ರಾಂಗ್ ನಂಬರ್ ಎಂದು ಇಡುತ್ತಿದ್ದೆ. ಅಮ್ಮ ತೀರಿಕೊಂಡ ವರ್ಷವೂ, ಹನ್ನೊಂದನೇ ದಿನದ ಮಾರನೆ ದಿನ, ಆ ಫೋನು ಬಂದಿತ್ತು. ಅಜ್ಜಿ ಚೆನ್ನಾಗಿದಾರಾ? ರಾಂಗ್ ನಂಬರ್ ಎಂದಿದ್ದೆ.

"ಇನ್ನೂ ಇದೆ ಕೇಳಪ್ಪಾ" ಎಂದಳು ಮಗಳು. ಇಯರ್‌ಫೋನು ನನ್ನ ಕಿವಿಗೆ ಸಿಕ್ಕಿಸಿ ಮತ್ತೆ ಹಾಕಿದಳು. "ನೀನು ಕೂಗಾಡ್ತೀಯಲ್ಲ, ಅದರ ಕೆಳಗೆ ಕೇಳು."

ಕೇಳಿಸಿತು. ನಾನು ಕೂಗುತ್ತಿದ್ದೆ, ಅಮ್ಮ ನಿಲ್ಲಿಸಿರಲಿಲ್ಲ. ಕೊಡತಿ ಕೆಳಗಿಟ್ಟು, ದನಿ ತಗ್ಗಿಸಿ, ಮೂರನೇ ನುಡಿಯನ್ನು ಹಾಡಿ ಮುಗಿಸಿದ್ದಳು. ಮಗು ಬಂದು ಕರೆಯುವ ನುಡಿ. ಧಾಟಿ ಗೊತ್ತಾಗುತ್ತಿತ್ತು. ಮಾತುಗಳ ಮೇಲೆಲ್ಲಾ ನನ್ನ ದನಿ ಕೂತಿತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಮಗಳ ಮೇಲೆ ಹಾರಿದೆ. "ನಮ್ಮಮ್ಮನ ಹೆಬ್ಬೆಟ್ಟು ಜೆರಾಕ್ಸ್ ಮಾಡಿ ಮಾರ್ಕ್ಸ್ ತಗೋತೀಯಾ? ಸತ್ತೋಳನ್ನ ಇದಾಳೆ ಅಂತ ಬರ್ಕೊಡ್ತೀಯಾ? ಬೇರೆ ಮಾಡು."

"ನಾನೊಬ್ಳು ಬೇರೆ ಕೊಟ್ರೆ ಎಲ್ರೂ ಸಿಕ್ಕಾಕ್ಕೊಳ್ತಾರಪ್ಪಾ. ವೈವಾಗೆ ಇನ್ನು ಎಂಟೇ ದಿನ. ಇದೊಂದ್ರಲ್ಲಿ ಹತ್ತು ಬಂದ್ರೆ ನನ್ನ ಸರಾಸರಿ ಸೀಟಿಗೆ ಸರಿಯಾಗಿ ಕೂರುತ್ತೆ. ಬರ್ಲಿಲ್ಲ ಅಂದ್ರೆ ಈ ವರ್ಷ ಹೋಯ್ತು."

"ಹೋದ್ರೆ ಹೋಗ್ಲಿ. ಈ ಮನೇಲಿ ಸುಳ್ಳು ಹೇಳಿ ಯಾರೂ ಉದ್ಧಾರ ಆಗಿಲ್ಲ."

ಅವಳು ಫೋನು ತೆಗೆದುಕೊಂಡು ಒಳಗೆ ಹೋದಳು.

ಆ ಎಂಟು ದಿನ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಪೂರ್ತಿ ಹಾಡನ್ನು ನನ್ನ ಫೋನಿಗೂ ಹಾಕಿಸಿಕೊಂಡಿದ್ದೆ. ಅಂಗಡಿಯಲ್ಲಿ ತಂತಿ ಸುತ್ತುತ್ತಾ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಮೂರನೇ ನುಡಿಯ ಮಾತುಗಳನ್ನು ಹಿಡಿಯಲೇಬೇಕು ಎಂಬ ಹಟ. ಸಾವಿರ ಅಡಿ ಪೈಪಿನ ಮೇಲೆ ನಿಂತು, ಕೆಳಗಿನ ಮೋಟಾರು ಯಾಕೆ ನರಳುತ್ತಿದೆ ಎಂದು ಹೇಳುವ ನನಗೆ, ನಮ್ಮಮ್ಮನ ಎರಡು ಸಾಲು ಸಿಗಲಿಲ್ಲ. ಪ್ರತಿಸಲವೂ ಆ ಗಂಡಸು ಬಾಗಿಲು ತಳ್ಳಿಕೊಂಡು ಬಂದುಬಿಡುತ್ತಿದ್ದ. ಅವನು ಬರುವ ಗಳಿಗೆ ನನಗೆ ಬಾಯಿಪಾಠವಾಯಿತು. ಇನ್ನೇನು ಬಂದ ಎನ್ನುವಾಗ ಅಂಗಡಿಯ ಬಾಗಿಲ ಕಡೆ ನೋಡುತ್ತಿದ್ದೆ. ಬಿಸಿಲು ಬಿಟ್ಟರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ನಾಲ್ಕನೇ ದಿನವೋ ಐದನೇ ದಿನವೋ ಸುತ್ತುಗಳ ಲೆಕ್ಕ ತಪ್ಪಿತು. ನನ್ನ ಕೈಯಲ್ಲಿ ಹಾಗಾಗಿದ್ದು ಅದೇ ಮೊದಲು. ಬಿಚ್ಚಿ ಮೊದಲಿನಿಂದ ಸುತ್ತಿದೆ. ಸುತ್ತುವಾಗ ಮನಸ್ಸು ಬೇರೆಯಾಗುತ್ತಾ ಬಂತು. ಆವತ್ತು ಮಾನ, ಮಾನ ಎಂದು ಅಮ್ಮನ ಬಾಯಿ ಮುಚ್ಚಿಸಿದೆ. ಈಗ ಅದೇ ಮಾನ ಹಿಡಿದುಕೊಂಡು ಮಗಳ ಸೀಟು ಕಳೆಯುತ್ತೇನಾ? ನನ್ನ ಒಂದು ಮಾತಿನಿಂದ ಅವಳ ಓದು ನಿಲ್ಲುವುದಾದರೆ ಆ ಮಾತು ನನಗೆ ಬೇಡ. ಯಾರಾದರೂ ಫೋನು ಮಾಡಿ ಕೇಳಿದರೆ ಇದಾರೆ ಎಂದುಬಿಡುತ್ತೇನೆ. ಹೀಗೆ ತೀರ್ಮಾನಿಸಿದೆ, ಆದರೆ ಅವಳಿಗೆ ಹೇಳಲಿಲ್ಲ. ಕೂಗಾಡಿದ ಮೇಲೆ ಸೋತು ಮಾತನಾಡುವುದು ನನಗೆ ಬರುವುದಿಲ್ಲ.

ವೈವಾ ದಿನ ಅವಳು ಬೆಳಗಿನ ಬಸ್ಸಿಗೆ ಹೋದಳು. ಹನ್ನೊಂದೂವರೆಗೆ ಅಂಗಡಿಯ ಫೋನು ಬಂತು.

"ಹಲೋ, ಇದು ಹಾಡು ಹೇಳೋ ಅಜ್ಜಿ ಮನೆ ನಂಬರಾ?" ಗಂಡಸಿನ ದನಿ, ಮೆದುವಾಗಿತ್ತು.

"ಹೌದು ಸಾರ್."

"ನೀವು?"

"ಅವರ ಮಗ."

"ಅಜ್ಜಿ ಇದಾರಾ?"

"ಇದಾರೆ ಸಾರ್."

"ಆರೋಗ್ಯವಾಗಿದಾರಾ?"

"ಚೆನ್ನಾಗಿದಾರೆ."

"ಒಂದು ನಿಮಿಷ ಫೋನ್ ಕೊಡ್ತೀರಾ? ಹಾಡಿನ ಕೊನೇ ನುಡಿ ಕೇಳ್ಬೇಕಿತ್ತು."

ಇದನ್ನು ನಾನು ಯೋಚಿಸಿಟ್ಟಿರಲಿಲ್ಲ. ಏನು ಹೇಳಲಿ ಎಂದು ಹುಡುಕುವ ಮೊದಲೇ ಬಾಯಿಂದ ಮಾತು ಹೊರಟಿತು. "ನೀರಿಗೆ ಹೋಗಿದಾರೆ ಸಾರ್."

"ನೀರಿಗಾ?"

"ಹೌದು ಸಾರ್. ಫಿಲ್ಟರ್ ನೀರಿಗೆ, ಕೊಡ ತಗೊಂಡು. ಬರ್ತಾರೆ."

"ಸಂತೋಷ" ಎಂದು ಅವರು ಇಟ್ಟರು.

ಎದುರಿಗೆ ರಸ್ತೆಯಾಚೆ ಫಿಲ್ಟರ್ ನೀರಿನ ಘಟಕ, ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕ್ಯಾನು. ಕೊನೆಯಲ್ಲಿ ಒಬ್ಬ ಮುದುಕಿ ಮಾತ್ರ ಸ್ಟೀಲಿನ ಕೊಡ ಇಟ್ಟುಕೊಂಡು ಈ ಕಡೆಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಎದ್ದು ಷಟರನ್ನು ಅರ್ಧ ಎಳೆದೆ. ಮುಖ ನೋಡುವುದಕ್ಕೆ ಮನಸ್ಸಾಗಲಿಲ್ಲ. ಯಾರೋ ಊರವರೇ ಇರಬೇಕು. ಊರಿನಲ್ಲಿ ಕೊಡ ಹಿಡಿಯುವ ಮುದುಕಿಯರು ಇನ್ನೂ ಇದ್ದಾರೆ.

ಸಂಜೆಯ ಬಸ್ಸಿನಲ್ಲಿ ಮಗಳು ಬಂದಳು. ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಕಾದಿಟ್ಟುಕೊಂಡಿದ್ದ ಸಮಾಧಾನದಲ್ಲಿ ಕೇಳಿದೆ, "ಹೆಂಗಾಯ್ತು ಪಾಪಾ?"

"ನೀನು ಯಾಕಪ್ಪಾ ಹಂಗೆ ಹೇಳಿದೆ?"

"ನಿನಗೋಸ್ಕರ ಕಣಮ್ಮಾ. ಸೀಟು ಹೋಗ್ಬಾರ್ದು ಅಂತ."

"ನಾನು ನಿಜ ಹೇಳಿದ್ದೆ" ಎಂದಳು.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ಒಬ್ಬೊಬ್ಬರನ್ನೇ ಕರೆದು, ಅಜ್ಜಿಯನ್ನು ನೋಡಿದೆಯಾ, ಹೇಗಿದ್ದಾರೆ ಎಂದು ಕೇಳುತ್ತಿದ್ದರಂತೆ. ಎಲ್ಲರೂ, ಮೊನ್ನೆ ತಾನೇ ನೋಡಿಕೊಂಡು ಬಂದೆ, ಚೆನ್ನಾಗಿದ್ದಾರೆ ಎಂದರಂತೆ. ಅವರ ಕೆಲಸವೂ ಸುಲಭ, ಇವರ ಕೆಲಸವೂ ಸುಲಭ. ಇವಳ ಸರದಿ ಬಂದಾಗ, ಅವರು ಬದುಕಿಲ್ಲ ಸಾರ್, ಅವರು ನನ್ನ ಸ್ವಂತ ಅಜ್ಜಿ, ನಮ್ಮಪ್ಪನ ತಾಯಿ ಎಂದಳಂತೆ. ಇದು ನಾನು ಮಾಡಿದ ರೆಕಾರ್ಡಿಂಗ್ ಅಲ್ಲ, ಕೊನೆಯ ನುಡಿ ಇದೆ, ಅದರ ಮೇಲೆ ನಮ್ಮಪ್ಪನ ದನಿ ಇದೆ, ಬಿಡಿಸಿಕೊಂಡು ಬರೆಯುವುದಕ್ಕೆ ಎಂಟು ದಿನ ಪ್ರಯತ್ನಪಟ್ಟೆ, ಆಗಲಿಲ್ಲ ಎಂದೂ ಹೇಳಿದಳಂತೆ. ಅವರು ನಂಬದೆ ಫಾರಂನ ನಂಬರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟರು. ನಾನು ಇದಾರೆ, ಚೆನ್ನಾಗಿದಾರೆ ಎಂದದ್ದು, ನೀರಿಗೆ ಹೋಗಿದಾರೆ ಎಂದದ್ದು, ಎಲ್ಲವನ್ನೂ ಅವಳು ನಿಂತು ಕೇಳಿದಳು.

"ಆಮೇಲೆ ಸಾರ್ ಕೇಳಿದ್ರು, ಈಗೇನಂತೀಯಮ್ಮಾ, ಅಜ್ಜಿ ಮಗ ಸುಳ್ಳು ಹೇಳ್ತಿದಾರಾ ಅಂತ."

"ನೀನೇನಂದೆ?"

"ನಮ್ಮಪ್ಪ ಸುಳ್ಳು ಹೇಳಲ್ಲ ಸಾರ್ ಅಂದೆ."

ಹೊರಗೆ ಯಾರೋ ಬೈಕು ನಿಲ್ಲಿಸಿ, ಮೋಟಾರ್ ರೆಡಿನಾ ಅಣ್ಣಾ ಎಂದು ಕೂಗಿದರು. ಅವಳೇ ಎದ್ದು, ನಾಳೆ ಬನ್ನಿ ಎಂದು ಕಳಿಸಿದಳು.

ಅವಳಿಗೆ ಬಂದದ್ದು ಪಾಸಾಗುವುದಕ್ಕೆ ಬೇಕಾದಷ್ಟು ಮಾತ್ರ. ಉಳಿದ ಎಲ್ಲರಿಗೂ ಹತ್ತಕ್ಕೆ ಹತ್ತು.

ಮಾರನೇ ದಿನ ನಾನೇ ಕೋಲಾರಕ್ಕೆ ಹೋದೆ. ಪರೀಕ್ಷಕರು ಹೊರಟು ಹೋಗಿದ್ದರು. ಜಾನಪದ ಹೇಳಿಕೊಡುವ ಮೇಷ್ಟ್ರು ಸಿಕ್ಕರು. ನಾಲ್ಕು ಕಾಲೇಜು ಸುತ್ತಿ ಪಾಠ ಮಾಡುವ ಹುಡುಗ, ಕೈಯಲ್ಲಿ ಟಿಫನ್ ಡಬ್ಬಿ. ನಿಂತೇ ಕೇಳಿಸಿಕೊಂಡರು. ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣದಾಯಿತು.

"ನೀವು ಡೆತ್ ಸರ್ಟಿಫಿಕೇಟ್ ಇಟ್ಟು ಅರ್ಜಿ ಕೊಟ್ರೆ ನಾನು ಕಳಿಸ್ಲೇಬೇಕಾಗುತ್ತೆ ಯಜಮಾನ್ರೇ. ಅವಾಗ ಈ ಸಲದವ್ರು ಮಾತ್ರ ಅಲ್ಲ, ಹಿಂದಿನ ವರ್ಷಗಳ ಮಕ್ಕಳ ಮಾರ್ಕ್ಸೂ ತಡೆ ಹಿಡೀತಾರೆ. ಆಮೇಲೆ ನಿಮ್ಮ ಮಗಳಿಗೆ ಹತ್ತು ಕೊಡ್ತಾರೆ ಅಂತಾನೂ ಇಲ್ಲ. ಫೈಲು ಅವಳದ್ದೂ ಅದೇ ಅಲ್ವಾ?" ಆಮೇಲೆ ಅವರೇ ಕೇಳಿದರು, "ನಿಜವಾಗ್ಲೂ ತೀರ್ಕೊಂಡಿದಾರಾ? ನಾನು ಅವ್ರನ್ನ ಒಂದ್ಸಲ ನೋಡ್ಬೇಕು ಅಂದ್ಕೊಂಡಿದ್ದೆ."

ಮಗಳಿಗೆ ಹೇಳಿದೆ. ಸರ್ಟಿಫಿಕೇಟು ಟ್ರಂಕಿನಲ್ಲಿತ್ತು, ತೆಗೆದು ಮಂಚದ ಮೇಲೆ ಇಟ್ಟಿದ್ದೆ. ಅವಳು ಅದನ್ನು ಮತ್ತೆ ಟ್ರಂಕಿಗೆ ಹಾಕಿದಳು. "ಬಿಡಪ್ಪಾ. ಬಸ್ಸಲ್ಲಿ ನೋಡಿದ್ಯಲ್ಲ ಆ ಹುಡುಗೀರು, ಒಬ್ಳು ಬಿ.ಎಡ್. ಸೀಟಿಗೆ ಕಾಯ್ತಿದಾಳೆ. ಸುಲಭ ಅಂತ ತಗೊಂಡಿದ್ದು ನಾನು. ನಂದು ನಂಗಿರ್ಲಿ."

ಸರಾಸರಿ ಒಂದು ಚೂರಿನಲ್ಲಿ ತಪ್ಪಿತು. ಎಂ.ಎಸ್ಸಿ. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಈಗ ಅವಳು ವೇಮಗಲ್ಲಿನ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಬೆಳಗ್ಗೆ ಕಂಪನಿ ಬಸ್ಸು ಬರುತ್ತದೆ, ಬಿಳಿ ಕೋಟು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಹೋಗುತ್ತಾಳೆ. ಇನ್ನೊಂದು ಸಲ ಅರ್ಜಿ ಹಾಕುತ್ತೇನೆ ಅನ್ನುತ್ತಾಳೆ. ನನ್ನ ಜೊತೆ ಮೊದಲಿನಂತೆಯೇ ನಗುತ್ತಾಳೆ, ಮೋಟಾರನ್ನು ಬಾವಿಗೆ ಹಾಕು ಅನ್ನುತ್ತಾಳೆ. ನಮ್ಮಪ್ಪ ಸುಳ್ಳು ಹೇಳಲ್ಲ ಎಂಬ ಮಾತು ಮಾತ್ರ ಆಮೇಲೆ ಅವಳ ಬಾಯಲ್ಲಿ ಬಂದಿಲ್ಲ. ನಾನೂ ಆ ಮಾತು ಆಡಿಲ್ಲ.

ಮಾವಿನ ಸುಗ್ಗಿ ಮತ್ತೆ ಬಂತು. ಮಂಡಿಗೆ ಹೋಗುವ ಟೆಂಪೋಗಳು ಅಂಗಡಿಯ ಮುಂದೆ ಸಾಲುಗಟ್ಟಿದವು. ಫೋನು ಬರುತ್ತದೆಂದು ಗೊತ್ತಿತ್ತು. ದಿನವೂ ಅಂಗಡಿಯ ಬಾಗಿಲು ತೆರೆದ ಕೂಡಲೇ ಫೋನಿನ ಮೇಲೆ ಒಂದು ಕಣ್ಣಿಡುತ್ತಿದ್ದೆ. ಒಂದು ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಂತು. ಈ ಸಲ ಹೆಂಗಸಿನ ದನಿ.

"ನಮಸ್ಕಾರ, ಕಾಲೇಜಿಂದ ಮಾತಾಡ್ತಿದೀನಿ. ಜಾನಪದ ವೈವಾ. ಅಜ್ಜಿ ಇದಾರಾ?"

"ಇಲ್ಲ ಮೇಡಂ" ಎಂದೆ. ಒಂದು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು. "ತೀರ್ಕೊಂಡು ಐದು ವರ್ಷ ಆಯ್ತು. ನಾನು ಅವರ ಮಗ. ಹೋದ ವರ್ಷ ನಾನು ಸುಳ್ಳು ಹೇಳಿದೆ. ನನ್ನ ಮಗಳು ನಿಜ ಹೇಳಿದ್ಲು, ನಾನು ಸುಳ್ಳು ಹೇಳಿದೆ. ಬರ್ಕೊಳ್ಳಿ."

ಆ ಕಡೆ ಹಾಳೆ ತಿರುವುವ ಸದ್ದಾಯಿತು.

"ನೋಡಿ ಸಾರ್, ಇಲ್ಲಿ ನಿಂತಿರೋ ಹುಡ್ಗಿ ಮೊನ್ನೆ ತಾನೇ ನೋಡ್ಕೊಂಡು ಬಂದೆ ಅಂತಾಳೆ. ಅಜ್ಜಿ ಹುರಿದ ಹುಣಸೆಬೀಜ ಕೊಟ್ರು, ತಿನು ತಲ್ಲೀ ಅಂದ್ರು ಅಂತಾಳೆ."

ಆ ಮಾತು ಕತ್ತರಿಸಿದ ಹಾಡಿನಲ್ಲಿ ಇರಲಿಲ್ಲ. ಪೂರ್ತಿ ಹಾಡು ಇವಳಿಗೂ ಎಲ್ಲಿಂದಲೋ ಸಿಕ್ಕಿರಬೇಕು, ಎಂದುಕೊಂಡೆ. ಹಾಗೆ ಎಂದುಕೊಳ್ಳುವುದಕ್ಕೆ ಸ್ವಲ್ಪ ಕಷ್ಟಪಟ್ಟೆ.

"ಅದು ರೆಕಾರ್ಡಿಂಗ್‌ನಲ್ಲಿರೋ ಮಾತು ಮೇಡಂ. ಅವ್ರು ಇಲ್ಲ."

"ಹೋದ ವರ್ಷದ ಸಾರ್ ಒಂದು ನೋಟ್ ಬರೆದಿಟ್ಟಿದಾರೆ" ಎಂದರು ಆಕೆ, ಓದುವ ದನಿಯಲ್ಲಿ. "ವಕ್ತೃ ನೀರಿಗೆ ಹೋಗಿದ್ದಾರೆ, ಬಂದ ಮೇಲೆ ಕೊನೆಯ ನುಡಿ ಪಡೆಯುವುದು ಅಂತ. ಬಂದ್ರಾ?"

ಆಕೆಯ ಹಿಂದೆ ಯಾರೋ ಹಾಡು ಹಾಕಿದರು. ಕೊಡತಿ, ಉಸಿರು, ಅತ್ತೆ. ನಾನು ಫೋನು ಕಿವಿಗೆ ಒತ್ತಿ ಹಿಡಿದೆ. ಗಂಡ ಬಂದು ಕರೆದ. ಅದು ಪೂರ್ತಿ ಹಾಡೇ ಆಗಿತ್ತು, ಅಲ್ಲಿಗೆ ನಿಲ್ಲಲಿಲ್ಲ. ಬಾಗಿಲು ದಡಾರನೆ ತೆರೆಯಿತು.

"ಬರ್ಲಿಲ್ಲ ಮೇಡಂ" ಎಂದೆ. ನನ್ನ ದನಿಯ ಮೇಲೆ ನನ್ನದೇ ದನಿ ಕೂಗಾಡುತ್ತಿತ್ತು. ಆಕೆಗೆ ನನ್ನ 'ಬರಲಿಲ್ಲ' ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆ ಕೂಗಾಟದ ಕೆಳಗೆ ಅಮ್ಮ ಮಗುವಿಗೆ ಉತ್ತರ ಹೇಳುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಾ ನಿಂತೆ.